ಆರು ಅಕ್ಷರದ ಗೆಳೆಯ

ಕೆಲಸ ಮುಗಿದ ಮೇಲೂ ವಿಡಿಯೊ ಕರೆಯನ್ನು ಮುಚ್ಚದೆ ಹರಟುವ ಚಟ ನಮ್ಮ ಮೂವರಿಗೆ ಅಂಟಿ ಎರಡು ವರ್ಷವಾಯಿತು. ನಾನು ಬೆಂಗಳೂರಿನಲ್ಲಿ ಕುಳಿತು ಸಿನಿಮಾಗಳಿಗೆ ಕನ್ನಡದ ಸಬ್‌ಟೈಟಲ್ ಬರೆಯುತ್ತೇನೆ. ಲೈಪ್‌ಜಿಗ್‌ನಲ್ಲಿರುವ ಹಿರಿಯ ಮಹಿಳೆಯೊಬ್ಬರು ಜರ್ಮನ್ ನೋಡಿಕೊಳ್ಳುತ್ತಾರೆ, ಲಿಯೋನಿನ ಹುಡುಗನೊಬ್ಬ ಫ್ರೆಂಚ್. ಕಳೆದ ಮಳೆಗಾಲದ ಒಂದು ಸಂಜೆ ಆಕೆ ಯಾವುದೋ ಕಡತ ಹುಡುಕುತ್ತಾ ತಮ್ಮಷ್ಟಕ್ಕೆ ಗುನುಗುತ್ತಿದ್ದರು. ಹುಡುಗ ಥಟ್ಟನೆ ತಲೆಯೆತ್ತಿ, ‘ನಮ್ಮ ಹಾಡು ನಿಮಗೆ ಹೇಗೆ ಗೊತ್ತು?’ ಎಂದ. ‘ನಿಮ್ಮ ಹಾಡೇ? ಇದು ನನ್ನ ಅಮ್ಮ ಪಾತ್ರೆ ತೊಳೆಯುವಾಗ ಹಾಡುತ್ತಿದ್ದ ಹಾಡು’ ಎಂದರು ಆಕೆ. ಅವನ ಮನೆಯಲ್ಲಿ ಅದನ್ನು ಹಾಡುತ್ತಿದ್ದವನು ಅಜ್ಜನಂತೆ, ಭಾನುವಾರದ ಊಟದ ಮೇಲೆ, ಎರಡನೆಯ ಲೋಟ ವೈನ್ ಇಳಿದ ನಂತರ. ಆಕೆ ಒಂದು ಸಾಲು ಹಾಡಿದರು, ಅವನೊಂದು ಸಾಲು ಹಾಡಿದ. ರಾಗ ಒಂದೇ. ಭಾಷೆ ಬೇರೆ. ಇಬ್ಬರ ಮುಖದಲ್ಲೂ ತಮ್ಮ ಹಿತ್ತಲಿನ ಹಲಸಿನ ಮರದ ಮೇಲೆ ಪಕ್ಕದ ಮನೆಯವನು ಹಕ್ಕು ಹೇಳಿದಾಗ ಮೂಡುವಂಥ ಗಂಟು.

ಮೂರನೆಯವನಾದ ನನಗೆ ಆ ಮರದಲ್ಲಿ ಪಾಲಿರಲಿಲ್ಲ. ಹಾಗಾಗಿ ಬೇರು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಹಾಡು 1930ರದು. ಬರ್ಲಿನ್ನಿನ ಉಫಾ ಸಂಸ್ಥೆ ಆ ವರ್ಷ ತೆಗೆದ ಒಂದು ಹಾಡು-ಹಾಸ್ಯದ ಚಿತ್ರದ್ದು. ಜರ್ಮನ್ ಹೆಸರನ್ನು ಕನ್ನಡಕ್ಕೆ ತಂದರೆ ‘ಪೆಟ್ರೋಲ್ ಬಂಕಿನ ಮೂವರು’ ಎಂದಾಗುತ್ತದೆ. ನಿರ್ದೇಶಕ ವಿಲ್ಹೆಲ್ಮ್ ಥೀಲೆ, ನಿರ್ಮಾಪಕ ಎರಿಕ್ ಪೊಮ್ಮರ್, ಸಂಗೀತ ವೆರ್ನರ್ ರಿಚರ್ಡ್ ಹೇಮನ್. ಅದೇ ವರ್ಷ, ಅದೇ ಸೆಟ್ಟುಗಳಲ್ಲಿ, ಅದೇ ನಾಯಕಿಯನ್ನಿಟ್ಟುಕೊಂಡು ಅದನ್ನು ಫ್ರೆಂಚ್‌ನಲ್ಲೂ ತೆಗೆದರು. ಅಲ್ಲಿ ಹೆಸರು ‘ಸ್ವರ್ಗದ ದಾರಿ’. ಡಬ್ಬಿಂಗ್ ಅಲ್ಲ, ಹತ್ತು ವರ್ಷ ಬಿಟ್ಟು ಮಾಡಿದ ರೀಮೇಕೂ ಅಲ್ಲ. ಒಂದೇ ಬಾಣಂತನದ ಅವಳಿಗಳು. ಲೈಪ್‌ಜಿಗ್‌ನ ಅಮ್ಮ ಹಾಡಿದ್ದೂ ಲಿಯೋನಿನ ಅಜ್ಜ ಹಾಡಿದ್ದೂ ಎರಡೂ ಅಸಲಿಯೇ.

ಕಥೆ ಅಂಗೈಯಗಲದ್ದು. ಮೂವರು ಗೆಳೆಯರು ಪ್ರವಾಸ ಮುಗಿಸಿ ಮನೆಗೆ ಬಂದರೆ ಕೋರ್ಟಿನ ಅಮೀನ ಬಂದು ಸಾಮಾನುಗಳನ್ನೆಲ್ಲ ಜಪ್ತಿ ಮಾಡುತ್ತಿದ್ದಾನೆ, ಮೂವರೂ ದಿವಾಳಿ. ಜಪ್ತಿಯ ಮುದ್ರೆ ಅಂಟಿಸಿದ ಚೀಟಿಗೆ ಜರ್ಮನ್ ಆಡುಮಾತಿನಲ್ಲಿ ‘ಕೋಗಿಲೆ’ ಎನ್ನುತ್ತಾರೆ, ಮುದ್ರೆಯಲ್ಲಿದ್ದ ಸರ್ಕಾರದ ಹದ್ದನ್ನು ಆಡಿಕೊಂಡು ಹುಟ್ಟಿದ ಹೆಸರು. ಈ ಮೂವರು ಅಳುವುದಿಲ್ಲ. ಅಮೀನನ ಸುತ್ತ ಕುಣಿದು ಹಾಡುತ್ತಾರೆ. ಉಳಿದ ಒಂದೇ ಆಸ್ತಿ ಕಾರು. ಅದೂ ದಾರಿಯಲ್ಲಿ ಪೆಟ್ರೋಲ್ ಮುಗಿದು ನಿಲ್ಲುತ್ತದೆ. ಕಾರನ್ನು ಮಾರಿ ಅದೇ ಜಾಗದಲ್ಲಿ ಬಂಕ್ ತೆರೆಯುತ್ತಾರೆ, ಅದಕ್ಕೂ ಕೋಗಿಲೆಯ ಹೆಸರನ್ನೇ ಇಡುತ್ತಾರೆ. ಪಾಳಿಯಲ್ಲಿ ದುಡಿಯುತ್ತಾರೆ. ಕಾರಿನಲ್ಲಿ ಬರುವ ಒಬ್ಬಳೇ ಹುಡುಗಿಗೆ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯದೆ, ಮೂವರೂ ಮನಸೋಲುತ್ತಾರೆ.

ಬರ್ಲಿನ್ನಿನಲ್ಲಿ ಚಿತ್ರ ತೆರೆಕಂಡದ್ದು 1930ರ ಸೆಪ್ಟೆಂಬರ್ 15ರಂದು. ಹಿಂದಿನ ದಿನ ಚುನಾವಣೆಯಾಗಿತ್ತು, ನಾತ್ಸಿಗಳು 107 ಸ್ಥಾನ ಗೆದ್ದಿದ್ದರು. ಕೆಲಸ ಕಳೆದುಕೊಂಡವರ ಸಾಲು ಬೀದಿಗಳಲ್ಲಿ ಉದ್ದವಾಗುತ್ತಿದ್ದ ಕಾಲ. ದಿವಾಳಿಯನ್ನು ಕುಣಿತವಾಗಿಸಿದ್ದು ಬೇಜವಾಬ್ದಾರಿ ಎಂದು ಗೊಣಗುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಮನೆಗೆ ಅಮೀನ ಬಂದದ್ದನ್ನು ಕಂಡವರಿಗೇ ಆ ಹಾಡಿನ ಹಾಸ್ಯ ಹೆಚ್ಚು ತಟ್ಟಿರಬೇಕು.

ಹಾಡಿಗೆ ಬರುತ್ತೇನೆ, ನನ್ನ ಕಸುಬಿನ ಜೀವ ಇರುವುದು ಅಲ್ಲಿ. ಜರ್ಮನ್‌ನಲ್ಲಿ ಪಲ್ಲವಿ ಶುರುವಾಗುವುದು ‘ಐನ್ ಫ್ರೊಯ್ಂಡ್, ಐನ್ ಗೂಟರ್ ಫ್ರೊಯ್ಂಡ್’ ಎಂದು. ಅಂದರೆ ಒಬ್ಬ ಗೆಳೆಯ, ಒಬ್ಬ ಒಳ್ಳೆಯ ಗೆಳೆಯ. ಬೆರಳು ಮಡಿಚಿ ಎಣಿಸಿದರೆ ಆರು ಅಕ್ಷರ. ಫ್ರೆಂಚ್‌ನಲ್ಲಿ ‘ಅವ್ವಾರ್ ಅಂ ಬೋಂ ಕೋಪ್ಯಾಂ’. ಅದೂ ಆರೇ. ಆದರೆ ಜರ್ಮನ್ ಸಾಲಿನಲ್ಲಿ ಗೆಳೆಯ ಎರಡು ಸಲ ಬರುತ್ತಾನೆ, ಎರಡನೆಯ ಮತ್ತು ಆರನೆಯ ಅಕ್ಷರದಲ್ಲಿ, ಬಾಗಿಲು ಎರಡು ಸಲ ತಟ್ಟಿದಂತೆ. ಫ್ರೆಂಚ್ ಸಾಲಿನಲ್ಲಿ ಆತ ಕೊನೆಗೊಮ್ಮೆ ಮಾತ್ರ ಬರುತ್ತಾನೆ. ಮೊದಲು ಬರುವುದು ‘ಹೊಂದಿರುವುದು’ ಎಂಬ ಕ್ರಿಯಾಪದ. ಜರ್ಮನ್ ಹಾಡು ಗೆಳೆಯನನ್ನು ಕರೆಯುತ್ತದೆ, ಫ್ರೆಂಚ್ ಹಾಡು ಗೆಳೆಯನಿರುವ ಸುಖವನ್ನು ಹೇಳಿಕೊಳ್ಳುತ್ತದೆ. ಮೂಗಿನಲ್ಲಿ ಕರಗುವ ಆ ‘ಪ್ಯಾಂ’ ಕೇಳಿದರೆ ವೈನ್ ಲೋಟ ಹಿಡಿದ ಅಜ್ಜ ಕಣ್ಣಿಗೆ ಕಟ್ಟುತ್ತಾನೆ. ‘ಫ್ರೊಯ್ಂಡ್’ ಎಂದಾಗ ಬೆನ್ನಿಗೊಂದು ಪೆಟ್ಟು ಬೀಳುತ್ತದೆ.

ಕನ್ನಡದಲ್ಲಿ ಆಗುತ್ತದೆಯೇ ಎಂದು ಬಸ್ಸಿನಲ್ಲಿ ಕುಳಿತು ನೋಡಿದೆ. ‘ಗೆಳೆಯ, ಒಳ್ಳೆ ಗೆಳೆಯ’ ಎಂದರೆ ಎಂಟಾಯಿತು. ನಮ್ಮ ಪದಗಳೆಲ್ಲ ಸ್ವರದಲ್ಲಿ ಮುಗಿಯುವುದರಿಂದ ಬಾಲ ಉಳಿದೇಬಿಡುತ್ತದೆ. ‘ನಂಟ, ಒಳ್ಳೆ ನಂಟ’ ಆರಕ್ಕೆ ಕೂಡುತ್ತದೆ, ಆದರೆ ಆ ಕೂಡಲೇ ಮದುವೆ ಮನೆಯ ಊಟದ ಪಂಕ್ತಿ ಕಣ್ಣೆದುರು ಬರುತ್ತದೆ. ‘ಸಖಾ, ನನ್ನ ಸಖಾ’ ಎಂದೆ. ಅಕ್ಷರವೂ ಸರಿ, ಲಘು-ಗುರುವೂ ಹತ್ತಿರಹತ್ತಿರ ಸರಿ. ಆದರೆ ಪೆಟ್ರೋಲ್ ಬಂಕಿಗೆ ಕೃಷ್ಣಾರ್ಜುನರೇ ಬಂದು ನಿಂತರು. ಅಲ್ಲಿಗೆ ಬಿಟ್ಟೆ.

ಇಷ್ಟು ಕಷ್ಟಪಟ್ಟು ಒಂದೇ ಸಿನಿಮಾವನ್ನು ಎರಡು ಮೂರು ಸಲ ಏಕೆ ತೆಗೆಯಬೇಕಿತ್ತು? ಮೂಕಿ ಚಿತ್ರಕ್ಕೆ ಗಡಿ ಇರಲಿಲ್ಲ. ನಡುನಡುವೆ ಬರುವ ಬರಹದ ಫಲಕಗಳನ್ನು ಬದಲಿಸಿದರೆ ಬರ್ಲಿನ್ನಿನ ಚಿತ್ರ ಬಾರ್ಸಿಲೋನಾಕ್ಕೂ ಸಲ್ಲುತ್ತಿತ್ತು, ಬೊಂಬಾಯಿಗೂ ಸಲ್ಲುತ್ತಿತ್ತು. ನಟರು ಮಾತಾಡತೊಡಗಿದ್ದೇ ತಡ, ಮಾರುಕಟ್ಟೆ ಭಾಷೆಭಾಷೆಗೆ ಹರಿದುಹೋಯಿತು. ಮಾತು, ಸಂಗೀತ, ಬಾಗಿಲಿನ ಸದ್ದು ಎಲ್ಲವೂ ಒಟ್ಟಿಗೆ ಮುದ್ರಣವಾಗುತ್ತಿದ್ದ ಕಾಲ ಅದು. ಮಾತನ್ನಷ್ಟೇ ಬಿಡಿಸಿ ತೆಗೆದು ಬೇರೆ ಮಾತು ಕೂರಿಸುವ ವಿದ್ಯೆ ಇನ್ನೂ ಕೈವಶವಾಗಿರಲಿಲ್ಲ, ಕೂರಿಸಿದರೂ ಕೇಳಲಾಗುತ್ತಿರಲಿಲ್ಲ. ಇಟಲಿಯ ಮುಸೊಲಿನಿ ಸರ್ಕಾರವಂತೂ 1930ರಲ್ಲಿ ಪರಭಾಷೆಯ ಮಾತು ಪರದೆಯ ಮೇಲೆ ಕೇಳಿಸಲೇಬಾರದು ಎಂದುಬಿಟ್ಟಿತು. ಉಳಿದ ದಾರಿ ಒಂದೇ: ಸೆಟ್ಟು ಹಾಕಿದ್ದೇವೆ, ದೀಪ ಉರಿಯುತ್ತಿದೆ, ಬಟ್ಟೆ ಹೊಲಿದಾಗಿದೆ, ಜರ್ಮನ್ ತಂಡ ಒಂದು ಶಾಟ್ ಮುಗಿಸಿ ಪಕ್ಕಕ್ಕೆ ಸರಿಯಲಿ, ಫ್ರೆಂಚ್ ತಂಡ ಅದೇ ಗುರುತಿನ ಮೇಲೆ ಬಂದು ನಿಲ್ಲಲಿ. ಗುಂಪಿನ ದೂರದ ಶಾಟ್‌ಗಳನ್ನು ಎಲ್ಲರೂ ಹಂಚಿಕೊಳ್ಳುವುದು ರೂಢಿ. ದೂರದಿಂದ ನೋಡಿದರೆ ಯಾರ ತುಟಿ ಯಾವ ಭಾಷೆಯದು ಎಂದು ಯಾರಿಗೆ ಗೊತ್ತು.

ಉಫಾ ಇದಕ್ಕೆಂದೇ ಪಾಟ್ಸ್‌ಡಾಮ್ ಬಳಿಯ ನೊಯ್‌ಬಾಬೆಲ್ಸ್‌ಬರ್ಗ್‌ನಲ್ಲಿ ಸಜ್ಜಾಗಿತ್ತು. 1929ರಲ್ಲಿ ಅಲ್ಲಿ ಧ್ವನಿಚಿತ್ರಗಳಿಗಾಗಿ ನಾಲ್ಕು ಸ್ಟುಡಿಯೋಗಳನ್ನು ಶಿಲುಬೆಯಾಕಾರದಲ್ಲಿ ಕೂಡಿಸಿ ಕಟ್ಟಿದರು. ಬಾಡಿಗೆ ಮನೆಯ ಹಾಗೆ ಅದು: ಗೋಡೆ ಅದೇ, ಕಿಟಕಿ ಅದೇ, ಒಕ್ಕಲು ಬದಲಾದಂತೆ ಹೊಸ್ತಿಲ ರಂಗೋಲಿ ಬದಲಾಗುತ್ತದೆ. ಬಂಕಿನ ಚಿತ್ರದಲ್ಲಿ ಜರ್ಮನ್ ಒಕ್ಕಲಿನ ಯಜಮಾನ ವಿಲ್ಲಿ ಫ್ರಿಚ್, ಫ್ರೆಂಚ್ ಒಕ್ಕಲಿನವನು ಆನ್ರಿ ಗಾರಾ. ಫ್ರಿಚ್ ನಗುವಾಗ ಶಾಲೆಯ ಕ್ರೀಡಾ ಕಾರ್ಯದರ್ಶಿಯ ಹಾಗೆ ಕಾಣುತ್ತಾನೆ, ನೇರ, ಕವಡಿಲ್ಲದ ಮುಖ. ಗಾರಾ ಪ್ಯಾರಿಸ್ಸಿನ ಮ್ಯೂಸಿಕ್ ಹಾಲ್‌ಗಳಿಂದ ಬಂದವನು. ಅವನ ಒಂದು ಕಣ್ಣು ಸದಾ ಗ್ಯಾಲರಿಯ ಕಡೆಗೆ. ಇಬ್ಬರೂ ನಿಲ್ಲುವುದು ಅದೇ ಪೆಟ್ರೋಲ್ ಪಂಪಿನ ಪಕ್ಕ, ನೋಡುವುದು ಅದೇ ಲಿಲಿಯನ್ ಹಾರ್ವೆಯನ್ನು. ಎರಡು ಸಲ ನೋಡಿದ ಮೇಲೆ ನನಗೆ ಆ ಪಂಪಿನ ಮೇಲೆಯೇ ಅಕ್ಕರೆ ಹುಟ್ಟಿತು. ಎರಡೂ ಚಿತ್ರಗಳಲ್ಲಿ ಉಚ್ಚಾರಣೆ ಶುದ್ಧವಾಗಿರುವುದು ಅದರದು ಮಾತ್ರ ಎಂದು ಹುಡುಗನಿಗೆ ಹೇಳಿದೆ. ಅವನಿಗೆ ಸಿಟ್ಟು ಬಂತು.

ಲಿಲಿಯನ್ ಹಾರ್ವೆ ಇಲ್ಲದಿದ್ದರೆ ಈ ವ್ಯವಹಾರ ನಡೆಯುತ್ತಿರಲಿಲ್ಲ. ಆಕೆ ಹುಟ್ಟಿದ್ದು 1906ರಲ್ಲಿ, ಲಂಡನ್ನಿನಲ್ಲಿ, ಬೆಳೆದದ್ದು ಜರ್ಮನಿಯಲ್ಲಿ. ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೂರರಲ್ಲೂ ಹಾಡಿ ಕುಣಿದು ಮುದ್ದುಗರೆಯಬಲ್ಲವಳು. ಉಳಿದವರೆಲ್ಲ ಬದಲಾಗುತ್ತಾರೆ, ಆಕೆ ನಿಂತಲ್ಲೇ ನಿಂತು ಭಾಷೆ ಬದಲಿಸುತ್ತಾಳೆ.

ಆ ವಿದ್ಯೆ ತುತ್ತತುದಿ ಮುಟ್ಟಿದ್ದು 1931ರ ಇನ್ನೊಂದು ಚಿತ್ರದಲ್ಲಿ. ಎರಿಕ್ ಷಾರೆಲ್ ನಿರ್ದೇಶಿಸಿದ, ನೆಪೋಲಿಯನ್ ಸೋತ ಮೇಲೆ ಯುರೋಪಿನ ರಾಜರು ಸೇರಿದ ವಿಯೆನ್ನಾ ಸಮಾವೇಶದ ಹಿನ್ನೆಲೆಯ ಆ ಚಿತ್ರದ ಹೆಸರು ‘ಸಮಾವೇಶ ಕುಣಿಯುತ್ತದೆ’. ಜರ್ಮನ್, ಫ್ರೆಂಚ್, ಇಂಗ್ಲಿಷ್, ಮೂರು ರೂಪ. ಮೂರರಲ್ಲೂ ಹಾರ್ವೆ ಕೈಗವಸು ಮಾರುವ ಹುಡುಗಿ. ರಷ್ಯದ ತ್ಸಾರ್ ಜರ್ಮನ್‌ನಲ್ಲಿ ಫ್ರಿಚ್, ಉಳಿದೆರಡರಲ್ಲಿ ಗಾರಾ. ಆಸ್ಟ್ರಿಯದ ಕುತಂತ್ರಿ ಮಂತ್ರಿ ಮೆಟರ್ನಿಕ್ ಜರ್ಮನ್‌ನಲ್ಲೂ ಇಂಗ್ಲಿಷ್‌ನಲ್ಲೂ ಕಾನ್ರಾಡ್ ವೈಟ್. ಅಂಗಡಿಯ ಪ್ರಚಾರಕ್ಕೆಂದು ಹುಡುಗಿ ತ್ಸಾರನತ್ತ ಎಸೆದ ಹೂಗುಚ್ಛವನ್ನು ಬಾಂಬ್ ಎಂದುಕೊಂಡು ಪೊಲೀಸರು ಹಿಡಿಯುತ್ತಾರೆ, ಛಡಿಯೇಟಿನ ಶಿಕ್ಷೆಯಾಗುತ್ತದೆ, ತ್ಸಾರನೇ ಬಂದು ಬಿಡಿಸುತ್ತಾನೆ. ಆಮೇಲೊಂದು ದಿನ ಅವಳ ಬಾಗಿಲಿಗೆ ಕುದುರೆಗಾಡಿ ಬರುತ್ತದೆ.

ಗಾಡಿಯ ಆ ದೃಶ್ಯಕ್ಕಾಗಿ ನಾನು ಚಿತ್ರವನ್ನು ಎಷ್ಟು ಸಲ ಹಿಂದಕ್ಕೆಳೆದಿದ್ದೇನೋ. ಹುಡುಗಿ ಗಾಡಿಯಲ್ಲಿ ಎದ್ದು ನಿಂತು ಹಾಡುತ್ತಾಳೆ. ಗಾಡಿ ಪೇಟೆ ದಾಟುತ್ತದೆ, ಸಂತೆಯ ಜನ ದನಿಗೂಡಿಸುತ್ತಾರೆ, ಊರು ಮುಗಿದು ಹೊಲ ಬರುತ್ತದೆ, ಬಟ್ಟೆ ಒಗೆಯುವ ಹೆಂಗಸರು ಕೈಬೀಸುತ್ತಾರೆ, ಕ್ಯಾಮೆರಾ ಗಾಡಿಯ ಜತೆಜತೆಗೇ ಓಡುತ್ತಲೇ ಇರುತ್ತದೆ. ಕ್ಯಾಮೆರಾದ ಗರಗರ ಸದ್ದು ಮೈಕಿಗೆ ಸೇರದಿರಲೆಂದು ಅದನ್ನು ಗೂಡಿನಲ್ಲಿ ಕೂಡಿಹಾಕುತ್ತಿದ್ದ ಕಾಲದಲ್ಲಿ ಇಂಥ ಓಟ! ಛಾಯಾಗ್ರಾಹಕ ಕಾರ್ಲ್ ಹಾಫ್‌ಮನ್‌ಗೆ ಕೈಮುಗಿಯಬೇಕು.

ಹಾಡಿನ ಮಾತು ಏನು ಗೊತ್ತೇ? ‘ಡಸ್ ಗಿಪ್ಟ್ಸ್ ನೂರ್ ಐನ್‌ಮಾಲ್’. ಇದು ಒಂದೇ ಸಲ ಸಿಗುವುದು, ಮತ್ತೆ ಬಾರದು. ಒಂದೇ ಸಲ ಎಂದು ಹಾಡುವ ಹುಡುಗಿ ಅದನ್ನು ಮೂರು ಭಾಷೆಗಳಲ್ಲಿ ಮೂರು ಸಲ ಹಾಡಬೇಕಿತ್ತು. ಗಾಡಿ ಹಿಂದಕ್ಕೆ ಬರಬೇಕು, ಒಗೆದ ಬಟ್ಟೆಯನ್ನು ಮತ್ತೆ ಒಗೆಯಬೇಕು, ಮುಖದ ಮೇಲೆ ಮೊದಲ ಸಲದ ಬೆರಗು ಮತ್ತೆ ಮೂಡಬೇಕು. ಫ್ರೆಂಚ್‌ನಲ್ಲಿ ಅದೇ ರಾಗಕ್ಕೆ ‘ಇದೇನು ಕನಸೇ?’ ಎಂಬ ಪ್ರಶ್ನೆ ಕೂರಿಸಿದ್ದಾರೆ. ಜರ್ಮನ್‌ನವಳಿಗೆ ಇದು ಜಾರಿಹೋಗುತ್ತದೆಂದು ಖಚಿತವಾಗಿ ಗೊತ್ತು, ಫ್ರೆಂಚ್‌ನವಳಿಗೆ ಇದು ನಡೆಯುತ್ತಿದೆಯೋ ಇಲ್ಲವೋ ಎಂಬುದೇ ಗೊತ್ತಿಲ್ಲ. ಮುಖ ಒಂದೇ, ಗಾಡಿ ಒಂದೇ. ಕೊನೆಗೆ ನೆಪೋಲಿಯನ್ ಎಲ್ಬಾದಿಂದ ತಪ್ಪಿಸಿಕೊಂಡ ಸುದ್ದಿ ಬಂದು ತ್ಸಾರ್ ಹೊರಟುಹೋದಾಗ ಅದೇ ರಾಗ ಮರಳುತ್ತದೆ. ಆಗ ನನಗೆ ಜರ್ಮನ್ ಹುಡುಗಿಯ ಮೇಲೆ ಹೆಚ್ಚು ಕನಿಕರ ಬರುತ್ತದೆ. ಅವಳು ಮೊದಲೇ ಹೇಳಿದ್ದಳಲ್ಲ.

ಯಾವುದು ಮೂಲ ಎಂದು ಕೇಳುವುದು ನಮ್ಮ ಕಸುಬಿನ ದೊಡ್ಡ ರೋಗ. ಅನುವಾದಕನ ಬೆನ್ನಿಗೆ ಮೂಲವೆಂಬ ಬೇತಾಳ ಸದಾ ಜೋತುಬಿದ್ದಿರುತ್ತದೆ. ಒಮ್ಮೆ ಒಂದು ಕಂಪನಿಯವರು ನಾನು ಬರೆದ ನಗೆಚಟಾಕಿಯೊಂದನ್ನು ‘ಮೂಲದಲ್ಲಿ ಹೀಗಿಲ್ಲ’ ಎಂದು ಕೆಂಪು ಗೆರೆ ಎಳೆದು ಕಳಿಸಿದ್ದರು. ಇದ್ದ ಹಾಗೆ ಬರೆದುಕೊಟ್ಟೆ, ಯಾರೂ ನಗಲಿಲ್ಲ, ಹಣ ಮಾತ್ರ ಬಂತು. ಈ ಅವಳಿ ಚಿತ್ರಗಳನ್ನು ನೋಡುವಾಗ ಬೇತಾಳ ಸ್ವಲ್ಪ ಹೊತ್ತು ಕೆಳಗಿಳಿದು ಕೂರುತ್ತದೆ.

ಸೋದರಮಾವನ ನೆನಪಾಗುತ್ತದೆ. ಉತ್ತರ ಕನ್ನಡದ ನಮ್ಮೂರ ಕಡೆ ತಾಳಮದ್ದಳೆಯ ಅರ್ಥಧಾರಿ. ಅಲ್ಲಿ ಭಾಗವತರು ಹಾಡುವ ಪದ್ಯ ಮಾತ್ರ ಸ್ಥಿರ. ಅದಕ್ಕೆ ಹೇಳುವ ಅರ್ಥ ಆ ರಾತ್ರಿಯದು, ಆ ಅರ್ಥಧಾರಿಯದು. ನಿನ್ನೆಯ ಕರ್ಣನೇ ಮೂಲ, ಇಂದಿನವನು ನಕಲು ಎಂದು ಅಲ್ಲಿ ಯಾರಾದರೂ ಹೇಳಿದರೆ ನಕ್ಕುಬಿಟ್ಟಾರು. ಬಾಬೆಲ್ಸ್‌ಬರ್ಗ್‌ನಲ್ಲಿ ಲೆಕ್ಕ ತಿರುಗುಮುರುಗು. ಪದ್ಯದ ಮಾತೂ ಬದಲಾಗುತ್ತದೆ, ರಾಗ-ತಾಳ, ವೇಷ, ಚೌಕಿ ಉಳಿಯುತ್ತವೆ.

ಮಾವನಿಗೆ ಒಂದು ರಜೆಯಲ್ಲಿ ಲ್ಯಾಪ್‌ಟಾಪ್‌ನಲ್ಲಿ ಲಾರೆಲ್-ಹಾರ್ಡಿಯ ಸ್ಪ್ಯಾನಿಷ್ ಚಿತ್ರ ತೋರಿಸಿದೆ. ಈ ಜೋಡಿಯ ಸಾಹಸ ಉಫಾದವರದಕ್ಕಿಂತ ವಿಚಿತ್ರ. ಹಾಲಿವುಡ್‌ನ ಹಾಲ್ ರೋಚ್ ಸ್ಟುಡಿಯೋ 1930-31ರಲ್ಲಿ ಇವರ ಚಿತ್ರಗಳನ್ನು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್ ಭಾಷೆಗಳಲ್ಲಿ ಮತ್ತೆ ತೆಗೆಯಿತು. ನಾಯಕರನ್ನು ಬದಲಿಸುವ ಹಾಗಿಲ್ಲ. ಆ ಸಣಕಲನ ಬದಲು ಬೇರೆ ಸಣಕಲ, ಆ ದಢೂತಿಯ ಬದಲು ಬೇರೆ ದಢೂತಿ ನಡೆಯುತ್ತದೆಯೇ? ಇಬ್ಬರಿಗೂ ಆ ಭಾಷೆಗಳು ಬಾರವು. ಹಾಗಾಗಿ ಕ್ಯಾಮೆರಾದ ಕಣ್ಣಿಗೆ ಬೀಳದ ಕಡೆ ಕಪ್ಪುಹಲಗೆ ನಿಲ್ಲಿಸಿ, ಪರಭಾಷೆಯ ಮಾತನ್ನು ಇಂಗ್ಲಿಷ್ ಓದಿಗೆ ದಕ್ಕುವ ಹಾಗೆ ಉಚ್ಚಾರಣೆಯಲ್ಲಿ ಬರೆದಿಟ್ಟರು. ಪಕ್ಕದಲ್ಲಿ ಪಾಠ ಹೇಳುವವರು. ಸುತ್ತಲಿನ ಪಾತ್ರಗಳಿಗೆ ಆಯಾ ಭಾಷೆಯ ನಟರು. ಜೈಲಿನ ಕಥೆಯೊಂದರ ಫ್ರೆಂಚ್ ರೂಪದಲ್ಲಿ, ಭಯಾನಕ ಚಿತ್ರಗಳಿಂದ ಹೆಸರಾದ ಬೋರಿಸ್ ಕಾರ್ಲಾಫ್ ಕೂಡ ಕಾಣಿಸಿಕೊಂಡಿದ್ದಾನೆ. ಸ್ಪೇನ್ ಮತ್ತು ಲ್ಯಾಟಿನ್ ಅಮೆರಿಕದವರಿಗೆ ಇನ್ನಷ್ಟು ಧಾರಾಳ: ಕೆಲವು ಸಲ ಎರಡು ಕಿರುಚಿತ್ರಗಳನ್ನು ಹೊಲಿದು ಒಂದು ಮಾಡಿದರು, ಕೆಲವು ಸಲ ನಡುವೆ ವಿನೋದಾವಳಿ ತುರುಕಿದರು. ಅಂಥದ್ದೊಂದರಲ್ಲಿ ಹಾಜಿ ಅಲಿ ಎಂಬ ಈಜಿಪ್ಟಿನ ಮನುಷ್ಯ ಬಂದು ನೀರನ್ನೂ ಸೀಮೆಎಣ್ಣೆಯನ್ನೂ ಕುಡಿದು, ಸೀಮೆಎಣ್ಣೆ ಉಗುಳಿ ಬೆಂಕಿ ಎಬ್ಬಿಸಿ, ನೀರು ಉಗುಳಿ ಆರಿಸುತ್ತಾನೆ. ಕಥೆಗೂ ಅದಕ್ಕೂ ಏನು ಸಂಬಂಧ ಎಂದು ಕೇಳಬಾರದು. ಜಾತ್ರೆಯಲ್ಲಿ ಕೇಳುತ್ತೇವೆಯೇ?

ಮಾವ ಸ್ಪ್ಯಾನಿಷ್‌ನ ಒಂದಕ್ಷರ ತಿಳಿಯದೆ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತಾ, ‘ಇವರು ಅರ್ಥ ಹೇಳುತ್ತಿಲ್ಲ ತಮ್ಮಾ, ಕಂಠಪಾಠ ಒಪ್ಪಿಸುತ್ತಿದ್ದಾರೆ’ ಎಂದರು. ‘ನಿಮಗೆ ಹೇಗೆ ಗೊತ್ತಾಯಿತು ಮಾವ?’ ‘ದಪ್ಪಗಿನವನ ಕಣ್ಣು ನೋಡು. ಮಾತಾಡುವಾಗ ಎದುರಿನವನನ್ನು ಬಿಟ್ಟು ಬೇರೆಲ್ಲೋ ಹೋಗುತ್ತದೆ. ಆದರೂ ಅಡ್ಡಿಯಿಲ್ಲ, ವೇಷ ನಿಂತಿದೆ.’ ನಾನು ಕಪ್ಪುಹಲಗೆಯ ವಿಷಯ ಇನ್ನೂ ಹೇಳಿಯೇ ಇರಲಿಲ್ಲ.

ಆ ಎಡವಟ್ಟು ಉಚ್ಚಾರಣೆ ಜನರಿಗೆ ಎಷ್ಟು ಹಿಡಿಸಿತೆಂದರೆ, ಮುಂದೆ ಡಬ್ಬಿಂಗ್ ಬಂದ ಮೇಲೂ ಇಟಲಿಯವರು ಅದನ್ನು ಬಿಡಲಿಲ್ಲ. ಹಾರ್ಡಿಗೆ ಧ್ವನಿ ಕೊಟ್ಟವನು ಆಗಿನ್ನೂ ಎಳೆಯನಾಗಿದ್ದ, ಮುಂದೆ ಇಟಲಿಯ ಮನೆಮಾತಾದ ನಟ ಆಲ್ಬೆರ್ತೊ ಸೋರ್ದಿ. ಹುಟ್ಟಾ ಇಟಾಲಿಯನ್, ಬೇಕೆಂದೇ ಇಂಗ್ಲಿಷರ ಹಾಗೆ ತಪ್ಪಾಗಿ ಮಾತಾಡಿದ. ಪೆದ್ದ ಎನ್ನಲು ಇಟಲಿಯವರು ‘ಸ್ತೂಪಿದೊ’ ಎಂದು ಮೊದಲ ಅಕ್ಷರಕ್ಕೆ ಒತ್ತು ಕೊಡುತ್ತಾರೆ. ಸೋರ್ದಿಯ ಹಾರ್ಡಿ ‘ಸ್ತುಪೀದೊ’ ಎನ್ನುತ್ತಾನೆ. ಇಂದಿಗೂ ಇಟಲಿಯಲ್ಲಿ ಹಾಗಂದರೆ ಎದುರಿನವರ ಮುಖ ಅರಳುತ್ತದೆ. ಹಲಗೆ ಹೋಯಿತು, ಹಲಗೆ ಓದಿ ಮಾಡಿದ ತಪ್ಪು ಆಸ್ತಿಯಾಗಿ ಉಳಿಯಿತು.

ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. 1967ರಲ್ಲಿ ಮಹಮ್ಮದ್ ರಫಿಯವರು ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ ‘ನೀನೆಲ್ಲಿ ನಡೆವೆ ದೂರ’ ಹಾಡಿದರು. ಕನ್ನಡ ಅವರ ಭಾಷೆಯಲ್ಲ, ಕಿವಿಗೊಟ್ಟರೆ ಅಲ್ಲಲ್ಲಿ ತಿಳಿಯುತ್ತದೆ. ಅರ್ಧ ಶತಮಾನ ದಾಟಿದರೂ ಆ ಉಚ್ಚಾರಣೆಯನ್ನು ಯಾರೂ ತಿದ್ದಲು ಹೋಗಿಲ್ಲ. ನೆಂಟರ ಮನೆಗೆ ಬಂದ ದೊಡ್ಡ ಮನುಷ್ಯ ಬಾಳೆಲೆಯಲ್ಲಿ ಸಾರನ್ನ ಉಣ್ಣಲು ತಡವರಿಸಿದರೆ ನಾವು ಮುಗುಳ್ನಗುತ್ತೇವೆ, ಇನ್ನೊಂದು ಸೌಟು ಬಡಿಸುತ್ತೇವೆ.

ಎಲ್ಲ ಕಡೆಯೂ ಇಂಥ ಸೊಗಸಿರಲಿಲ್ಲ. ಪ್ಯಾರಾಮೌಂಟ್ ಸಂಸ್ಥೆ 1930ರಲ್ಲಿ ಪ್ಯಾರಿಸ್ ಹೊರವಲಯದ ಜ್ವಾಂವಿಲ್‌ನಲ್ಲಿ ಸ್ಟುಡಿಯೋ ಹೂಡಿ, ಒಂದೇ ಕಥೆಯನ್ನು ಸ್ವೀಡಿಷ್, ಇಟಾಲಿಯನ್, ಸ್ಪ್ಯಾನಿಷ್ ಎಂದು ಸಾಲುಸಾಲಾಗಿ ಎರಕ ಹೊಯ್ಯತೊಡಗಿತು. ಮಂಗಳೂರು ಹೆಂಚಿನ ಕಾರ್ಖಾನೆಯನ್ನು ನೆನೆಸಿಕೊಳ್ಳಿ. ಅಚ್ಚು ಒಂದು, ಹೆಂಚು ಸಾವಿರ, ಸೋರುವವೂ ಅದರಲ್ಲಿ ಸೇರಿವೆ. ನಾನು ನೋಡಿದ ಒಂದೆರಡರಲ್ಲಿ ನಟರು ಗಡಿಯಾರ ನೋಡುತ್ತಾ ಪ್ರೇಮಿಸುತ್ತಿದ್ದರು. ಎರಡು ಮೂರು ವರ್ಷಗಳಲ್ಲಿ ಆ ಸ್ಟುಡಿಯೋ ಡಬ್ಬಿಂಗ್ ಕೇಂದ್ರವಾಯಿತು. ಅದರ ಬಗ್ಗೆ ಇಷ್ಟು ಸಾಕು.

ಅದೇ ಪ್ಯಾರಾಮೌಂಟ್ ಹಾಲಿವುಡ್‌ನಲ್ಲಿ ಫ್ರೆಂಚ್ ಗಾಯಕ-ನಟ ಮಾರಿಸ್ ಷೆವಾಲಿಯೆಯನ್ನು ಇಟ್ಟುಕೊಂಡು ಮಾಡಿದ್ದು ಬೇರೆ ದರ್ಜೆಯದು. 1932ರಲ್ಲಿ ಎರ್ನ್ಸ್ಟ್ ಲುಬಿಚ್ ‘ನಿನ್ನೊಡನೆ ಒಂದು ಗಂಟೆ’ ಎಂಬರ್ಥದ ಸಂಗೀತಹಾಸ್ಯವನ್ನು ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ತೆಗೆದ. ಎರಡರಲ್ಲೂ ಗಂಡನಾಗಿ ಷೆವಾಲಿಯೆ, ಹೆಂಡತಿಯಾಗಿ ಜಾನೆಟ್ ಮ್ಯಾಕ್‌ಡೊನಾಲ್ಡ್. ಗಂಡನ ತಲೆ ಕೆಡಿಸುವ ಗೆಳತಿ ಮಾತ್ರ ಇಂಗ್ಲಿಷ್‌ನಲ್ಲಿ ಜೆನೆವೀವ್ ಟೋಬಿನ್, ಫ್ರೆಂಚ್‌ನಲ್ಲಿ ಲಿಲಿ ದಮಿತಾ. ಇಲ್ಲೊಂದು ತಮಾಷೆಯಿದೆ. ಇಂಗ್ಲಿಷ್ ಚಿತ್ರದಲ್ಲಿ ಷೆವಾಲಿಯೆಯ ಫ್ರೆಂಚ್ ಎಳೆತವೇ ಒಗ್ಗರಣೆ. ಆ ಎಳೆತದಿಂದಲೇ ಅವನು ರಸಿಕ, ಅದರಿಂದಲೇ ಅವನ ತಪ್ಪುಗಳಿಗೆ ಮಾಫಿ. ಫ್ರೆಂಚ್ ಚಿತ್ರದಲ್ಲಿ ಒಗ್ಗರಣೆ ಮಾಯವಾಗಿ ಅವನು ಪ್ಯಾರಿಸ್ಸಿನ ಓಣಿಯ ಹುಡುಗನಾಗುತ್ತಾನೆ. ಈಗ ಎಳೆದು ಮಾತಾಡುವ ಸರದಿ ಅಮೆರಿಕದ ಮ್ಯಾಕ್‌ಡೊನಾಲ್ಡ್‌ಳದು. ಒಂದು ಸಂಸಾರದಲ್ಲಿ ಪರಕೀಯ ಗಂಡ, ಇನ್ನೊಂದರಲ್ಲಿ ಪರಕೀಯ ಹೆಂಡತಿ. ಜಗಳದ ಮಾತು ಅದೇ ಇದ್ದರೂ ಜಗಳದಲ್ಲಿ ಯಾರ ಪಕ್ಷ ವಹಿಸಬೇಕು ಎಂಬುದು ಬದಲಾಗುತ್ತದೆ. ನಾನು ಇಂಗ್ಲಿಷ್‌ನಲ್ಲಿ ಅವನ ಪಕ್ಷ, ಫ್ರೆಂಚ್‌ನಲ್ಲಿ ಅವಳ ಪಕ್ಷ. ಹೊರಗಿನಿಂದ ಬಂದು ಮಾತಿಗೆ ತಡಕಾಡುವವರ ಕಡೆಗೇ ಮನಸ್ಸು ವಾಲುತ್ತದೆ.

ಈ ಕಥೆ ನಮ್ಮ ಕನಕಪುರ ರಸ್ತೆಗೂ ಒಂದು ಕಾಲ ಬಂದು ತಲುಪಿದೆ ಎಂದು ತಿಳಿದಾಗ ನನಗೆ ರೋಮಾಂಚನವಾಯಿತು. ಅಲ್ಲಿನ ತಾತಗುಣಿ ಎಸ್ಟೇಟಿನಲ್ಲಿ ಎರಡನೆಯ ಪತಿ, ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರೊಂದಿಗೆ ಬಾಳಿ, 1994ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ನಟಿ ದೇವಿಕಾರಾಣಿಯವರು ಚಿಕ್ಕ ವಯಸ್ಸಿನಲ್ಲಿ ಬರ್ಲಿನ್ನಿನ ಉಫಾದಲ್ಲಿ ತರಬೇತಿ ಪಡೆದವರು. ಮೂಕಿ ಹೋಗಿ ಟಾಕಿ ಬರುತ್ತಿದ್ದ ಸಂಧಿಕಾಲ. ಮುಂದೆ ಮೊದಲ ಪತಿ ಹಿಮಾಂಶು ರಾಯ್ ಅವರೊಂದಿಗೆ ಇಂಗ್ಲಿಷ್ ಮತ್ತು ಹಿಂದಿ ಎರಡರಲ್ಲೂ ‘ಕರ್ಮ’ವನ್ನು ಮಾಡಿದರು, ಇಂಗ್ಲಿಷ್ ರೂಪ 1933ರಲ್ಲಿ ಲಂಡನ್ನಿನಲ್ಲಿ ತೆರೆಕಂಡಿತು. ಅದು ಹಾಸ್ಯಚಿತ್ರವಲ್ಲ, ರಾಜಕುಮಾರಿ, ಮಹಾರಾಜ, ನಾಗರಹಾವುಗಳ ಕಥೆ. ಆದರೂ ಒಂದೇ ನಟಿ, ಒಂದೇ ಸೀರೆ, ಒಂದೇ ಹಾವು, ಎರಡು ಭಾಷೆ. ನಮ್ಮ ದೇಶದಲ್ಲಿ ಆ ಪದ್ಧತಿ ಯುರೋಪಿನ ಹಾಗೆ ಮೂರು ನಾಲ್ಕು ವರ್ಷಕ್ಕೆ ಸಾಯಲಿಲ್ಲ. ಪ್ರಭಾತ್ ಫಿಲ್ಮ್ ಕಂಪನಿಯವರು 1932ರಲ್ಲೇ ಅಯೋಧ್ಯೆಯ ರಾಜನನ್ನು ಮರಾಠಿಯಲ್ಲೂ ಹಿಂದಿಯಲ್ಲೂ ಮಾತಾಡಿಸಿದರು, ಕಲ್ಕತ್ತದ ನ್ಯೂ ಥಿಯೇಟರ್ಸ್‌ನವರು ಬಂಗಾಳಿ-ಹಿಂದಿ ಜೋಡಿಗಳನ್ನು ಹೊರತಂದರು, ಬಿ.ಆರ್. ಪಂತುಲು ಅವರು 1958ರ ‘ಸ್ಕೂಲ್ ಮಾಸ್ಟರ್’ಗೆ ತಮಿಳಿನ ಅವಳಿಯನ್ನು ಕೊಟ್ಟರು. ಡಬ್ಬಿಂಗ್ ಬೇಕೇ ಬೇಡವೇ ಎಂಬ ಜಗಳದ ನಡುವೆ ಬೆಳೆದ ಕನ್ನಡಿಗ ನಾನು. ಎರಡೂ ಕಡೆಯ ವಾದ ಬಾಯಿಪಾಠವಾಗಿದೆ. ನಟನ ಬಾಯಿಯೇ ಹೊಸ ಭಾಷೆಗೆ ಹೊರಳಲಿ ಎಂಬ ಈ ಮೂರನೆಯ ದಾರಿಯನ್ನು ಮಾತ್ರ ಜಗಳದಲ್ಲಿ ಯಾರೂ ಎತ್ತಿದ್ದು ನಾನು ಕೇಳಿಲ್ಲ. ಖರ್ಚಿನ ಬಾಬತ್ತು, ನಿಜ.

ಖರ್ಚೇ ಯುರೋಪಿನಲ್ಲೂ ಅದನ್ನು ಮುಗಿಸಿತು. ಬೇರೆಬೇರೆಯಾಗಿ ಮುದ್ರಿಸಿದ ಮಾತು-ಸಂಗೀತಗಳನ್ನು ಬೆಸೆಯುವುದು 1932-33ರ ಹೊತ್ತಿಗೆ ಸಲೀಸಾಯಿತು. ಒಬ್ಬ ನಾಯಕನಿಗೆ ಸಂಬಳ ಕೊಟ್ಟು ಹತ್ತು ಗಂಟಲು ಬಾಡಿಗೆಗೆ ಹಿಡಿಯಬಹುದಾದಾಗ ನಾಯಕರನ್ನೇ ಏಕೆ ಹತ್ತು ಮಾಡಬೇಕು? ಬಾಬೆಲ್ಸ್‌ಬರ್ಗ್‌ನಲ್ಲಿ ಮಾತ್ರ ಇನ್ನೊಂದು ಕಾರಣವೂ ಸೇರಿತು. 1933ರ ಮಾರ್ಚ್ ಕೊನೆಯಲ್ಲಿ ಉಫಾ ತನ್ನ ಯಹೂದಿ ಕೆಲಸಗಾರರನ್ನು ಹೊರಹಾಕಿತು. ಪೊಮ್ಮರ್ ಹೋದ, ಷಾರೆಲ್ ಹೋದ, ಹೇಮನ್ ಹೋದ. ಥೀಲೆ ಹೋಗಿ ಹಾಲಿವುಡ್ ಸೇರಿ 1943ರಲ್ಲಿ ಎರಡು ಟಾರ್ಜಾನ್ ಚಿತ್ರ ನಿರ್ದೇಶಿಸಿದ. ಎರಡು ಭಾಷೆಗಳಲ್ಲಿ ಏಕಕಾಲಕ್ಕೆ ಚಿಲಿಪಿಲಿಗುಟ್ಟಿಸಿದವನ ಕೈಗೆ ಕೊನೆಗೆ ಸಿಕ್ಕಿದ್ದು ಪೂರ್ತಿ ವಾಕ್ಯ ಆಡದ ನಾಯಕ. ಹೇಮನ್ ಪ್ಯಾರಿಸ್ಸಿನ ಮೇಲೆ ಹಾಯ್ದು ಹಾಲಿವುಡ್‌ಗೆ ಹೋಗಿ ಲುಬಿಚ್‌ನ ಚಿತ್ರಗಳಿಗೆ ಸಂಗೀತ ಕೊಟ್ಟ. ಬಂಕಿನ ಚಿತ್ರದಲ್ಲಿ ಹಾಡಿದ ‘ಕಾಮಿಡಿಯನ್ ಹಾರ್ಮನಿಸ್ಟ್ಸ್’ ಎಂಬ ಗಾಯಕರ ತಂಡದಲ್ಲಿ ಮೂವರು ಯಹೂದಿಗಳಿದ್ದರು, ನಾತ್ಸಿಗಳು ಆ ತಂಡವನ್ನು ಒಡೆದರು. 1937ರಲ್ಲಿ ಬಂಕಿನ ಚಿತ್ರವನ್ನೂ ಸಮಾವೇಶದ ಚಿತ್ರವನ್ನೂ ಜರ್ಮನಿಯಲ್ಲಿ ನಿಷೇಧಿಸಿದರು.

ಹಾಡನ್ನು ನಿಷೇಧಿಸುವುದು ಅಷ್ಟು ಸುಲಭವಲ್ಲ, ಪಾತ್ರೆ ತೊಳೆಯುವ ಬಚ್ಚಲಿಗೆ ಪೊಲೀಸರು ಬರುವುದಿಲ್ಲ. ಲೈಪ್‌ಜಿಗ್‌ನ ಗೆಳತಿಗೆ ಇದನ್ನೆಲ್ಲ ಹೇಳಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದರು. ಅಮ್ಮ ಇದನ್ನು ಹಾಡಿದಾಗಲೆಲ್ಲ ಅಜ್ಜಿ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದರಂತೆ. ಚಳಿಗೆಂದು ಈಕೆ ಅಂದುಕೊಂಡಿದ್ದರು.

ಬಂಕಿನ ಚಿತ್ರದ ಕೊನೆಯನ್ನು ಹೇಳದೆ ಬಿಟ್ಟಿದ್ದೇನೆ. ಕಥೆ ಮುಗಿದು ಪ್ರೇಮಿಗಳು ಒಂದಾದ ಮೇಲೆ ಫ್ರಿಚ್ ಮತ್ತು ಹಾರ್ವೆ ಪರದೆಯ ಮುಂದೆ ಬರುತ್ತಾರೆ, ನೋಡಿದರೆ ಎದುರಿಗೆ ಜನ ಇನ್ನೂ ಕುಳಿತೇ ಇದ್ದಾರೆ. ಇವರೇಕೆ ಮನೆಗೆ ಹೋಗಿಲ್ಲ, ಇನ್ನೇನು ಬೇಕಂತೆ ಇವರಿಗೆ ಎಂದು ತಮ್ಮೊಳಗೇ ಕೇಳಿಕೊಳ್ಳುತ್ತಾರೆ. ಓಹೋ, ಹಾಡು-ಕುಣಿತದ ರಂಗನಾಟಕ ಒಪೆರೆಟಾದಲ್ಲಿ ಇರುವಂಥ ಸರಿಯಾದ ಮುಕ್ತಾಯ ಬೇಕೇನೋ! ಪರದೆ ಸರಿಯುತ್ತದೆ, ಕುಣಿಯುವವರ ದಂಡೇ ನುಗ್ಗಿಬರುತ್ತದೆ.

ಮೊನ್ನೆ ಮೂವರೂ ಮತ್ತೆ ಕರೆಯಲ್ಲಿದ್ದಾಗ, ಇಬ್ಬರೂ ಒಟ್ಟಿಗೆ ಹಾಡಿ ಎಂದು ನಾನೇ ಒತ್ತಾಯಿಸಿದೆ. ಆಕೆ ಜರ್ಮನ್‌ನಲ್ಲಿ, ಅವನು ಫ್ರೆಂಚ್‌ನಲ್ಲಿ, ಒಂದು, ಎರಡು, ಮೂರು ಎಂದು ಎಣಿಸಿ ಶುರುಮಾಡಿದರು. ಜಾಲದ ವಿಳಂಬಕ್ಕೆ ಅವನ ದನಿ ಅರ್ಧ ಅಕ್ಷರ ತಡವಾಗಿ ಬರುತ್ತಿತ್ತು, ಆಕೆಯ ಚಿತ್ರ ದನಿಗಿಂತ ಮುಂದೆ ಓಡುತ್ತಿತ್ತು. ಯಾರ ತುಟಿಗೂ ಯಾರ ಮಾತೂ ಕೂಡಲಿಲ್ಲ. ಆಕೆ ಹಾಡುತ್ತಲೇ ಎದ್ದು ಹೋಗಿ ಕಿಟಕಿ ತೆರೆದು ಬಂದರು.